ಮುಚ್ಚಿದ ಡಬ್ಬಿಯನ್ನು ಬಿಚ್ಚಿ ನೋಡೋಣ: ಬಯಾಲಜಿಯ ಓಪನ್ ಸೋರ್ಸ್ ಉಪಕರಣಗಳು

ಬ್ಯಾಕ್ಟೀರಿಯಾವನ್ನು ಮೊದಲು ಕಣ್ಣಾರೆ ಕಂಡವನು ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲ್ಯೂವೆನ್‌ಹಾಕ್. ಅವನ ಮೈಕ್ರೋಸ್ಕೋಪ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ಲೋಹದ ತಗಡು, ಅವುಗಳ ನಡುವೆ ಒಂದೇ ಒಂದು ಪುಟ್ಟ ಲೆನ್ಸ್. ತನ್ನ ಒಳ್ಳೆಯ ಲೆನ್ಸುಗಳನ್ನು ಹೇಗೆ ಮಾಡುತ್ತಾನೆ ಅನ್ನುವುದನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. 1723ರಲ್ಲಿ ತೀರಿಕೊಂಡಾಗ ಆ ಗುಟ್ಟೂ ಅವನ ಜೊತೆಗೇ ಹೋಯಿತು. ಮುಂದೆ ಸುಮಾರು 300 ವರ್ಷ ಜನ ಊಹೆ ಮಾಡುತ್ತಲೇ ಇದ್ದರು.

2021ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅವನ ಅತಿ ಶಕ್ತಿಯ ಮೈಕ್ರೋಸ್ಕೋಪನ್ನು ಬಿಚ್ಚದೆಯೇ, ನ್ಯೂಟ್ರಾನ್ ಕಿರಣ ಹಾಯಿಸಿ ಒಳಗೆ ನೋಡಿದರು. ಕಂಡದ್ದು ಒಂದು ಗಾಜಿನ ಗುಂಡು. ತೆಳ್ಳಗಿನ ಗಾಜಿನ ಎಳೆಯನ್ನು ಬೆಂಕಿಗೆ ಹಿಡಿದರೆ ತುದಿ ಕರಗಿ ತಾನಾಗಿ ಗುಂಡಗಾಗುತ್ತದಲ್ಲ, ಆ ಬಗೆಯದು. ಆ ವಿಧಾನವನ್ನು ರಾಬರ್ಟ್ ಹುಕ್ 1665ರಲ್ಲೇ ಬರೆದು ಅಚ್ಚು ಹಾಕಿಸಿದ್ದ. ಲ್ಯೂವೆನ್‌ಹಾಕ್ ಅದನ್ನೇ ಅನುಸರಿಸಿರಬೇಕು ಅನ್ನುವುದು ಈ ಸಂಶೋಧಕರ ತೀರ್ಮಾನ. ಎಲ್ಲರಿಗೂ ತಿಳಿಸಿದ್ದ ವಿಧಾನವೇ ಒಬ್ಬನ ಮನೆಯೊಳಗೆ ಹೋಗಿ ಗುಟ್ಟಾಗಿ ಕೂತಿತ್ತು.

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣ ಇದೆ. ಬಯಾಲಜಿಯಲ್ಲಿ ಓಪನ್ ಸೋರ್ಸ್ ಉಪಕರಣ, ಅಂದರೆ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟ ಉಪಕರಣ, ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು "ಎಷ್ಟು ಅಗ್ಗ?" ಅಂತ. ಅಗ್ಗ ಹೌದು. ಆದರೆ ನನ್ನ ಮಟ್ಟಿಗೆ ಅದು ಎರಡನೆಯ ಮಾತು. ಒಳಗೆ ಏನಿದೆ ಅಂತ ಗೊತ್ತಿರುವುದು, ಕೆಟ್ಟರೆ ನಾವೇ ರಿಪೇರಿ ಮಾಡಬಹುದಾದದ್ದು, ನಮ್ಮ ಕೆಲಸಕ್ಕೆ ಬೇಕಾದಂತೆ ಬದಲಾಯಿಸಬಹುದಾದದ್ದು, ಅದು ಮೊದಲನೆಯದು.

ಲ್ಯಾಬಿನಲ್ಲಿ ಕೆಲಸ ಮಾಡಿದವರು ಈ ದೃಶ್ಯ ನೋಡಿಯೇ ಇರುತ್ತಾರೆ. ದುಬಾರಿ ಯಂತ್ರವೊಂದು ಮೂಲೆಯಲ್ಲಿ ಧೂಳು ಹಿಡಿದು ನಿಂತಿರುತ್ತದೆ. ಹಾಳಾಗಿರುವುದು ಒಂದು ಫ್ಯಾನೋ, ಒಂದು ಸೆನ್ಸರೋ ಇರಬಹುದು. ಆದರೆ ಸರ್ಕ್ಯೂಟಿನ ನಕ್ಷೆ ಇಲ್ಲ, ಬಿಡಿಭಾಗ ಸಿಗುವುದಿಲ್ಲ, ಸಾಫ್ಟ್‌ವೇರ್ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಮಾರಿದವರು ಆ ಮಾಡೆಲ್ ನಿಲ್ಲಿಸಿಯೇ ವರ್ಷಗಳಾಗಿವೆ. ಅದನ್ನೇ ನಂಬಿಕೊಂಡಿದ್ದ ವಿದ್ಯಾರ್ಥಿಯ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ.

ಹಾಗಂತ ಕಂಪನಿಗಳೆಲ್ಲ ಸುಮ್ನೆ ದುಡ್ಡು ಕೀಳುತ್ತವೆ ಅನ್ನುವುದೂ ಸರಿಯಲ್ಲ. ಲ್ಯಾಬ್ ಯಂತ್ರಗಳ ಮಾರುಕಟ್ಟೆ ಚಿಕ್ಕದು. ಫೋನಿನ ಹಾಗೆ ಕೋಟಿಗಟ್ಟಲೆ ಮಾರಾಟವಾಗುವುದಿಲ್ಲ. ವಿನ್ಯಾಸ, ಪರೀಕ್ಷೆ, ಗ್ಯಾರಂಟಿ, ಸರ್ವಿಸ್, ಎಲ್ಲದರ ಖರ್ಚೂ ಕೆಲವೇ ಯಂತ್ರಗಳ ಮೇಲೆ ಬೀಳುತ್ತದೆ. ಓಪನ್ ಸೋರ್ಸ್ ಯಂತ್ರ ಕಟ್ಟುವಾಗ ಆ ಖರ್ಚು ಮಾಯವಾಗುವುದಿಲ್ಲ. ಅದರಲ್ಲಿ ಒಂದಷ್ಟು ಪಾಲು ನಮ್ಮ ಸಮಯವಾಗಿ ನಮ್ಮ ತಲೆಯ ಮೇಲೇ ಬರುತ್ತದೆ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು.

ಓಪನ್ ಅಂದರೆ ಏನೇನು ಕೊಡಬೇಕು?

ಸಾಫ್ಟ್‌ವೇರ್ ಆದರೆ ಕೋಡ್ ಕೊಟ್ಟರೆ ಬಹುಮಟ್ಟಿಗೆ ಮುಗಿಯಿತು. ಯಂತ್ರಕ್ಕೆ ಅಷ್ಟು ಸಾಲದು. ತಿದ್ದಲು ಬರುವಂಥ ವಿನ್ಯಾಸದ ಫೈಲ್ ಬೇಕು. ಸರ್ಕ್ಯೂಟ್ ನಕ್ಷೆ, ಯಾವ ಸ್ಕ್ರೂ ಎಷ್ಟು ಅಂತ ಬರೆದ ಬಿಡಿಭಾಗಗಳ ಪಟ್ಟಿ, ಜೋಡಿಸುವ ವಿಧಾನ, ನಡೆಸುವ ಕೋಡ್, ಇಷ್ಟೂ ಬೇಕು. ಇವನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು ಅನ್ನುವ ಲೈಸೆನ್ಸ್ ಕೂಡ ಇರಬೇಕು. ಯುರೋಪಿನ ಕಣ ಭೌತವಿಜ್ಞಾನದ ಕೇಂದ್ರ ಸರ್ನ್ 2011ರಲ್ಲಿ ಹಾರ್ಡ್‌ವೇರ್‌ಗಾಗಿಯೇ ಇಂಥದೊಂದು ಲೈಸೆನ್ಸ್ ಬರೆಯಿತು. "ಓಪನ್" ಅಂತ ಹೆಸರಿಟ್ಟುಕೊಂಡು ಬರೀ ಫೋಟೋ ಮತ್ತು ಒಂದು ಪ್ರಬಂಧ ಮಾತ್ರ ಕೊಡುವ ಯೋಜನೆಗಳೂ ಇವೆ. ಫೈಲ್ ಇಲ್ಲದಿದ್ದರೆ ಅದು ಓಪನ್ ಅಲ್ಲ, ಅಷ್ಟೇ.

ಇದೆಲ್ಲ ಕಳೆದ ಇಪ್ಪತ್ತು ವರ್ಷಗಳಲ್ಲೇ ಯಾಕೆ ಬೆಳೆಯಿತು? ಮೂರು ವಸ್ತುಗಳು ಒಟ್ಟಿಗೆ ಕೈಗೆ ಸಿಕ್ಕವು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಹುಟ್ಟಿತು. ಮೋಟಾರು, ಸೆನ್ಸರುಗಳನ್ನು ನಡೆಸುವ ಈ ಪುಟ್ಟ ಬೋರ್ಡನ್ನು ಎಲೆಕ್ಟ್ರಾನಿಕ್ಸ್ ಓದದವರೂ ಬಳಸಬಹುದು. ಅದೇ ವರ್ಷ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ರೆಪ್‌ರ್ಯಾಪ್ ಯೋಜನೆ ಶುರು ಮಾಡಿದರು. ತನ್ನದೇ ಬಿಡಿಭಾಗಗಳನ್ನು ತಾನೇ ಮುದ್ರಿಸಿಕೊಡುವ 3ಡಿ ಪ್ರಿಂಟರ್ ಅವರ ಗುರಿ. ಮೇಜಿನ ಮೇಲೆ ಇಡುವಂಥ ಅಗ್ಗದ ಪ್ರಿಂಟರುಗಳು ಹರಡಲು ಅದೇ ದಾರಿಯಾಯಿತು. 2012ರಲ್ಲಿ ರಾಸ್ಪ್‌ಬೆರಿ ಪೈ ಬಂತು, ಅಂಗೈಯಗಲದ ಪೂರ್ತಿ ಕಂಪ್ಯೂಟರ್. ಜೊತೆಗೆ ಫೋನುಗಳಿಂದಾಗಿ ಒಳ್ಳೆಯ ಕ್ಯಾಮೆರಾ ಸೆನ್ಸರುಗಳ ಬೆಲೆ ಇಳಿದಿತ್ತು. ಅದೇ 2012ರಲ್ಲಿ ಜೋಶುವಾ ಪಿಯರ್ಸ್ ಅನ್ನುವ ವಿಜ್ಞಾನಿ, ಇವನ್ನೆಲ್ಲ ಸೇರಿಸಿ ಲ್ಯಾಬ್ ಉಪಕರಣಗಳನ್ನು ನಾವೇ ಕಟ್ಟಬಹುದು ಅಂತ ಸೈನ್ಸ್ ಪತ್ರಿಕೆಯಲ್ಲಿ ಬರೆದರು.

ಬಾಗುವ ಪ್ಲಾಸ್ಟಿಕ್ ಮೇಲೆ ನಿಂತ ಮೈಕ್ರೋಸ್ಕೋಪ್

ಒಂದು ಯಂತ್ರವನ್ನು ಹತ್ತಿರದಿಂದ ನೋಡೋಣ. ಬಾತ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳಲ್ಲಿ ರಿಚರ್ಡ್ ಬೋಮನ್ ಮತ್ತು ಜೊತೆಗಾರರು ರೂಪಿಸಿದ ಓಪನ್‌ಫ್ಲೆಕ್ಷರ್ ಮೈಕ್ರೋಸ್ಕೋಪ್. ಇದರ ಮುಖ್ಯ ಭಾಗದ ವಿನ್ಯಾಸ 2016ರಲ್ಲಿ ಪ್ರಕಟವಾಯಿತು. ನನಗೆ ಇದು ತುಂಬ ಇಷ್ಟ. ದುಬಾರಿ ವಸ್ತುವಿನ ಅಗ್ಗದ ನಕಲು ಮಾಡಲು ಹೋಗದೆ, ಸಮಸ್ಯೆಯನ್ನೇ ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ.

ಸಮಸ್ಯೆ ಲೆನ್ಸಿನದಲ್ಲ. ಮೈಕ್ರೋಸ್ಕೋಪಿನ ಒಳ್ಳೆಯ ಲೆನ್ಸ್ ಬಿಡಿಯಾಗಿ ಸಿಗುತ್ತದೆ. ಕಷ್ಟ ಇರುವುದು ಸ್ಲೈಡನ್ನು ಅಲುಗಾಡಿಸುವುದರಲ್ಲಿ. ಒಂದು ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮಲೇರಿಯಾ ಪರಾವಲಂಬಿ ಆ ಕಣದೊಳಗೆ ಕೂತಿರುತ್ತದೆ, ಅಂದರೆ ಇನ್ನೂ ಚಿಕ್ಕದು. 100 ಪಟ್ಟು ಹಿಗ್ಗಿಸುವ ಲೆನ್ಸ್ ಹಾಕಿದಾಗ ಫೋಕಸ್ ಸಿಗುವ ಆಳ ಒಂದು ಮೈಕ್ರಾನಿಗಿಂತಲೂ ಕಡಿಮೆ. ಅಷ್ಟು ನಯವಾಗಿ ಸ್ಲೈಡನ್ನು ಮೇಲೆ ಕೆಳಗೆ, ಅತ್ತ ಇತ್ತ ಸರಿಸಬೇಕು.

ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಇದಕ್ಕೆ ನುಣ್ಣಗೆ ಕಡೆದ ಲೋಹದ ಹಳಿಗಳಿರುತ್ತವೆ. ಅದೇ ಹಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದರೆ ಕೆಲಸ ಕೆಡುತ್ತದೆ. ಒಂದು ಭಾಗ ಇನ್ನೊಂದರ ಮೇಲೆ ಜಾರುವಾಗ ಮೊದಲು ಅಂಟಿಕೊಳ್ಳುತ್ತದೆ, ಆಮೇಲೆ ತಟ್ಟನೆ ಜಿಗಿಯುತ್ತದೆ. ಹಳೆಯ ಡ್ರಾಯರನ್ನು ಎಳೆದ ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಿಗಿತವೂ ಇಲ್ಲಿ ರಕ್ತಕಣವನ್ನು ನೋಟದಿಂದಲೇ ಆಚೆ ಒಯ್ಯುತ್ತದೆ.

ಓಪನ್‌ಫ್ಲೆಕ್ಷರ್‌ನ ಉಪಾಯ ಏನೆಂದರೆ, ಯಾವುದೂ ಜಾರುವುದೇ ಬೇಡ. ಸ್ಲೈಡ್ ಹೊತ್ತ ವೇದಿಕೆಯನ್ನು ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಗಳು ಹಿಡಿದಿರುತ್ತವೆ. ಶಾಂಪೂ ಬಾಟಲಿಯ ಮುಚ್ಚಳಕ್ಕೂ ಅದರ ಬುಡಕ್ಕೂ ನಡುವೆ ಒಂದು ತೆಳು ಪಟ್ಟಿ ಇರುತ್ತದಲ್ಲ, ಎಷ್ಟು ಸಲ ಬಾಗಿಸಿದರೂ ಮುರಿಯದ್ದು, ಅಂಥದ್ದೇ. ಪಟ್ಟಿ ಬಾಗುತ್ತದೆ, ವೇದಿಕೆ ಸರಿಯುತ್ತದೆ. ಎಲ್ಲೂ ಉಜ್ಜಾಟ ಇಲ್ಲ, ಸಡಿಲ ಇಲ್ಲ. ವೇದಿಕೆ, ಪಟ್ಟಿಗಳು, ಸನ್ನೆಗೋಲು ಎಲ್ಲವೂ ಒಂದೇ ತುಂಡಾಗಿ ಪ್ರಿಂಟರಿನಿಂದ ಹೊರಬರುತ್ತವೆ.

ಈಗ ಲೆಕ್ಕ ನೋಡಿ. ವೇದಿಕೆಯನ್ನು ದೂಡುವುದು ಒಂದು ಮಾಮೂಲಿ 3 ಮಿಲಿಮೀಟರ್ ಸ್ಕ್ರೂ. ಪೂರ್ತಿ ಒಂದು ಸುತ್ತು ತಿರುಗಿಸಿದರೆ ಅದು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್ ಮುಂದೆ ಹೋಗುತ್ತದೆ. ತಿರುಗಿಸುವುದು ಹವ್ಯಾಸಿಗಳೆಲ್ಲ ಬಳಸುವ ಪುಟ್ಟ ಸ್ಟೆಪ್ಪರ್ ಮೋಟಾರ್. ಒಳಗಿನ ಗೇರುಗಳಿಂದಾಗಿ ಒಂದು ಸುತ್ತಿಗೆ ಸುಮಾರು 4096 ಹೆಜ್ಜೆ. 500ನ್ನು 4096ರಿಂದ ಭಾಗಿಸಿದರೆ ಒಂದು ಹೆಜ್ಜೆಗೆ 0.12 ಮೈಕ್ರಾನ್. ನಡುವಿನ ಸನ್ನೆಗೋಲು ಅದನ್ನು ಇನ್ನಷ್ಟು ಸಣ್ಣದು ಮಾಡುತ್ತದೆ. ವಿಶೇಷ ಲೋಹವಿಲ್ಲ, ವಿಶೇಷ ಯಂತ್ರವಿಲ್ಲ. ಒಂದು ರಕ್ತಕಣದ ಉದ್ದಗಲವನ್ನು ಎಪ್ಪತ್ತಕ್ಕೂ ಜಾಸ್ತಿ ಹೆಜ್ಜೆಗಳಲ್ಲಿ ದಾಟುವಷ್ಟು ನಯ ಸಿಕ್ಕಿಬಿಡುತ್ತದೆ.

ಇದಕ್ಕೆ ಬೆಲೆಯೂ ತೆರಬೇಕು. ಪಟ್ಟಿ ಬಾಗುವುದಕ್ಕೆ ಮಿತಿ ಇದೆ, ಹಾಗಾಗಿ ವೇದಿಕೆ ಕೆಲವೇ ಮಿಲಿಮೀಟರ್ ಓಡಾಡುತ್ತದೆ. ಬಾಗುವಾಗ ಅದು ನೇರಕ್ಕೆ ಹೋಗುವುದಿಲ್ಲ, ಉಯ್ಯಾಲೆಯ ಹಾಗೆ ಸಣ್ಣ ಕಮಾನಿನಲ್ಲಿ ಹೋಗುತ್ತದೆ. ಪಕ್ಕಕ್ಕೆ ಸರಿಸಿದರೆ ಫೋಕಸ್ ತುಸು ತಪ್ಪುತ್ತದೆ. ಅದನ್ನು ಸಾಫ್ಟ್‌ವೇರ್ ಸರಿಮಾಡುತ್ತದೆ: ಪ್ರತಿ ಜಾಗದಲ್ಲೂ ಸ್ವಲ್ಪ ಮೇಲೆ ಕೆಳಗೆ ಹೋಗಿ, ಯಾವ ಚಿತ್ರ ಹೆಚ್ಚು ಚುರುಕಾಗಿದೆ ಅಂತ ನೋಡಿ ಅಲ್ಲಿ ನಿಲ್ಲುತ್ತದೆ. ಕ್ಯಾಮೆರಾ ರಾಸ್ಪ್‌ಬೆರಿ ಪೈದು. ಇನ್ನೂ ಅಗ್ಗವಾಗಬೇಕು ಅಂದರೆ ಆ ಕ್ಯಾಮೆರಾದ ಲೆನ್ಸನ್ನೇ ಬಿಚ್ಚಿ, ಸೆನ್ಸರ್‌ನಿಂದ ದೂರ ಇಟ್ಟು, ಮೈಕ್ರೋಸ್ಕೋಪ್ ಲೆನ್ಸಾಗಿ ಬಳಸುವ ಮಾದರಿಯೂ ಇದೆ. ಶಾಲೆಗೆ ಅದು ಸಾಕು.

ಟಾಂಜಾನಿಯಾದಲ್ಲಿ ಇವನ್ನು ಅಲ್ಲಿಯ ತಂತ್ರಜ್ಞರೇ ಮುದ್ರಿಸಿ, ಜೋಡಿಸಿದ್ದಾರೆ. ಇಫಾಕಾರಾ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಮಲೇರಿಯಾ ಸ್ಲೈಡುಗಳನ್ನು ನೋಡಲು ಇದನ್ನು ಪರೀಕ್ಷಿಸಿದ್ದಾರೆ. ಅಲ್ಲೇ ಕಟ್ಟಿದ ಯಂತ್ರ ಅಲ್ಲೇ ರಿಪೇರಿಯೂ ಆಗುತ್ತದೆ. ದಾನವಾಗಿ ಬಂದ ಹೊಳೆಯುವ ಯಂತ್ರಕ್ಕಿಂತ ಇದು ದೊಡ್ಡದು ಅಂತ ನಾನು ನಂಬುತ್ತೇನೆ.

ಹುಕ್ ಹೇಳಿದ ಗಾಜಿನ ಗುಂಡೂ ಹೊಸ ಅವತಾರದಲ್ಲಿ ಬಂದಿದೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ 2014ರಲ್ಲಿ ಫೋಲ್ಡ್‌ಸ್ಕೋಪ್ ಬಗ್ಗೆ ಬರೆದರು. ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್, ನಡುವೆ ಒಂದು ಗುಂಡು ಲೆನ್ಸ್. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ. ಹತ್ತು ಲಕ್ಷಕ್ಕೂ ಹೆಚ್ಚು ಫೋಲ್ಡ್‌ಸ್ಕೋಪುಗಳು ಜಗತ್ತಿನ ಮೂಲೆ ಮೂಲೆಗೆ ಹೋಗಿವೆ.

ಬಿಸಿ ಮಾಡು, ತಣ್ಣಗೆ ಮಾಡು

ಪಿಸಿಆರ್ ಯಂತ್ರದ ಹೆಸರು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾಯಿತು. ಒಂದು ಡಿಎನ್‌ಎ ತುಣುಕಿನ ಕೋಟಿಗಟ್ಟಲೆ ನಕಲು ಮಾಡುವುದು ಅದರ ಕೆಲಸ. ಮಾಡುವ ವಿಧಾನ ಕೇಳಿದರೆ ಆಶ್ಚರ್ಯವಾಗುವಷ್ಟು ಸರಳ. ಸಣ್ಣ ಕೊಳವೆಯಲ್ಲಿರುವ ದ್ರವವನ್ನು ಸುಮಾರು 95 ಡಿಗ್ರಿಗೆ ಒಯ್ಯಬೇಕು, ಆಗ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ. ಆಮೇಲೆ 55 ಡಿಗ್ರಿಯ ಆಸುಪಾಸಿಗೆ ಇಳಿಸಬೇಕು, ಪ್ರೈಮರ್ ಅನ್ನುವ ಚಿಕ್ಕ ತುಣುಕುಗಳು ಸರಿಯಾದ ಜಾಗದಲ್ಲಿ ಕೂರುತ್ತವೆ. ಮತ್ತೆ 72ಕ್ಕೆ ಏರಿಸಿದರೆ ಎನ್ಜೈಮ್ ಹೊಸ ಎಳೆ ಕಟ್ಟುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದು ಡಿಎನ್‌ಎ ತುಣುಕು 107 ಕೋಟಿ ದಾಟುತ್ತದೆ.

ಅಂದರೆ ಯಂತ್ರ ಮಾಡಬೇಕಾದದ್ದು ಬಿಸಿ ಮಾಡುವುದು, ತಣ್ಣಗೆ ಮಾಡುವುದು, ಹೊತ್ತು ನೋಡುವುದು. 2010ರಲ್ಲಿ ಜೋಶ್ ಪರ್ಫೆಟ್ಟೊ ಮತ್ತು ಟಿಟೊ ಯಾಂಕೋವ್ಸ್ಕಿ ಜನರಿಂದಲೇ ಹಣ ಕೂಡಿಸಿ ಓಪನ್‌ಪಿಸಿಆರ್ ಅನ್ನುವ ಯಂತ್ರ ಶುರು ಮಾಡಿದ್ದು ಇದೇ ಧೈರ್ಯದ ಮೇಲೆ. ಒಳಗೆ ಆರ್ಡುಯಿನೊ ಇದೆ. ಬಿಸಿ ಮತ್ತು ತಣ್ಣಗೆ ಎರಡಕ್ಕೂ ಪೆಲ್ಟಿಯರ್ ಅನ್ನುವ ಚಪ್ಪಟೆ ತುಂಡು. ಕರೆಂಟ್ ಒಂದು ದಿಕ್ಕಿಗೆ ಹರಿದರೆ ಅದರ ಮೇಲ್ಮೈ ಬಿಸಿ, ದಿಕ್ಕು ಬದಲಿಸಿದರೆ ತಣ್ಣಗೆ.

ಸೂಕ್ಷ್ಮ ಇರುವುದು ಬೇರೆ ಕಡೆ. ಸೆನ್ಸರ್ ಹೇಳುವುದು ಲೋಹದ ಬ್ಲಾಕಿನ ಬಿಸಿಯನ್ನು. ಕೊಳವೆಯೊಳಗಿನ ದ್ರವ ಯಾವಾಗಲೂ ಸ್ವಲ್ಪ ಹಿಂದೆ ಇರುತ್ತದೆ. ಸ್ಕ್ರೀನ್ ಮೇಲೆ 95 ಅಂತ ಬಂದ ಕೂಡಲೇ ದ್ರವವೂ 95ಕ್ಕೆ ಬಂತು ಅಂದುಕೊಂಡರೆ ಪ್ರಯೋಗ ಸೋಲುತ್ತದೆ, ಯಾಕೆ ಸೋತಿತು ಅಂತಲೂ ತಿಳಿಯುವುದಿಲ್ಲ. ಬ್ಲಾಕಿನಲ್ಲಿ ಕೊಳವೆಗಳು ಕೂರುವ ಗುಳಿಗಳಲ್ಲಿ, ಮಧ್ಯದ ಗುಳಿ ಮತ್ತು ಅಂಚಿನ ಗುಳಿಯ ಬಿಸಿಯಲ್ಲೂ ವ್ಯತ್ಯಾಸ ಇರಬಹುದು. ಮುಚ್ಚಳವನ್ನೂ ಬಿಸಿ ಇಡಬೇಕು, ಇಲ್ಲದಿದ್ದರೆ ನೀರು ಆವಿಯಾಗಿ ಮೇಲೆ ಹನಿಗಟ್ಟಿ, ಕೆಳಗಿನ ದ್ರವದ ಹದ ಕೆಡುತ್ತದೆ. ಮುಚ್ಚಿದ ಯಂತ್ರದಲ್ಲಿ ಇವನ್ನೆಲ್ಲ ಯಾರೋ ಸರಿಮಾಡಿಟ್ಟಿರುತ್ತಾರೆ, ನಮಗೆ ಕಾಣುವುದಿಲ್ಲ. ತೆರೆದ ಯಂತ್ರದಲ್ಲಿ ಎಲ್ಲ ಕೋಡಿನಲ್ಲೇ ಇದೆ. ನೋಡಬಹುದು, ಅಳೆಯಬಹುದು, ತಿದ್ದಬಹುದು. ಪಿಸಿಆರ್ ಅನ್ನು ನಿಜವಾಗಿ ಅರ್ಥ ಮಾಡಿಕೊಳ್ಳಬೇಕು ಅನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ತಿರುಗುವುದು, ಕಿಡಿ ಹಾರುವುದು, ಕಿವಿಗೊಡುವುದು

ಗುಂಡಿಗೆ ದಾರ ಪೋಣಿಸಿ, ಎರಡೂ ಕೈಯಿಂದ ಎಳೆದು ಬಿಟ್ಟು ತಿರುಗಿಸುವ ಆಟಿಕೆ ಗೊತ್ತಲ್ವಾ? ಅದೇ ಸೆಂಟ್ರಿಫ್ಯೂಜ್ ಆಯಿತು, ಅಂದರೆ ದ್ರವವನ್ನು ಜೋರಾಗಿ ತಿರುಗಿಸಿ ಅದರೊಳಗಿನ ಭಾಗಗಳನ್ನು ಬೇರೆ ಮಾಡುವ ಯಂತ್ರ. ಸಾದ್ ಭಮ್ಲಾ, ಮನು ಪ್ರಕಾಶ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಪೇಪರ್‌ಫ್ಯೂಜ್‌ಗೆ ಬೇಕಾದದ್ದು ಕಾಗದದ ಬಿಲ್ಲೆ ಮತ್ತು ದಾರ. ತೂಕ 2 ಗ್ರಾಂ, ಖರ್ಚು 20 ಸೆಂಟ್, ಕರೆಂಟ್ ಬೇಡ. ಅವರು ಮುಟ್ಟಿದ ಗರಿಷ್ಠ ವೇಗ ನಿಮಿಷಕ್ಕೆ 1,25,000 ಸುತ್ತು. ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಬೇರೆಯಾಯಿತು.

ಸೆಂಟ್ರಿಫ್ಯೂಜ್ ವಿಷಯದಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಒಳಗಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೊಳವೆ ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿದ್ದು ನಿಮಿಷಕ್ಕೆ 3000 ಸುತ್ತು ಹಾಕಿದರೆ, ಅದರ ಮೇಲೆ ಭೂಮಿಯ ಸೆಳೆತದ ಸುಮಾರು 500 ಪಟ್ಟು ಬಲ ಬೀಳುತ್ತದೆ. ವೇಗ 6000 ಆದರೆ ಬಲ 1000 ಪಟ್ಟಲ್ಲ, 2000 ಪಟ್ಟು. ಕಾಗದದ ಬಿಲ್ಲೆ ಹಗುರ, ಹಾಗಾಗಿ ಅದರಲ್ಲಿ ತುಂಬಿಕೊಳ್ಳುವ ಶಕ್ತಿ ಕಡಿಮೆ. ಕೊಳವೆಗಳನ್ನು ಹೊತ್ತು ತಿರುಗುವ ರೋಟರನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿ ವೇಗದ ಮೋಟಾರಿಗೆ ಸಿಕ್ಕಿಸಿದರೆ, ಪದರಗಳ ನಡುವೆ ಬಿರುಕು ಬಿಟ್ಟು ಗುಂಡಿನ ಹಾಗೆ ಸಿಡಿಯಬಹುದು. ಸುತ್ತ ಗಟ್ಟಿ ಕವಚ ಇಲ್ಲದೆ ಇದನ್ನು ಮಾಡಲೇಬೇಡಿ.

ಭಮ್ಲಾ ಅವರ ತಂಡದ್ದೇ ಎಲೆಕ್ಟ್ರೋಪೆನ್ ಕೂಡ. ಬ್ಯಾಕ್ಟೀರಿಯಾದೊಳಗೆ ಹೊಸ ಡಿಎನ್‌ಎ ಸೇರಿಸಲು ಕ್ಷಣಮಾತ್ರ ದೊಡ್ಡ ವೋಲ್ಟೇಜ್ ಬೇಕು. ಅದಕ್ಕೆ ಲೈಟರಿನ ಕಿಡಿ ಹುಟ್ಟಿಸುವ ಹರಳನ್ನೇ ಬಳಸಿದ್ದಾರೆ. ಟಕ್ ಅಂತ ಒತ್ತಿದರೆ ಸುಮಾರು 2000 ವೋಲ್ಟ್.

ಲ್ಯಾಬಿನ ಹೊರಗೂ ಈ ಕೆಲಸ ಹಬ್ಬಿದೆ. ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು ಮಾಡಿದ ಆಡಿಯೋಮಾತ್ ಅಂಗೈಯಲ್ಲಿ ಹಿಡಿಸುವ ರೆಕಾರ್ಡರ್. ಮೂರು ಬ್ಯಾಟರಿ ಹಾಕಿ ಮರಕ್ಕೆ ಕಟ್ಟಿ ಬಂದರೆ ಕಾಡಿನ ಸದ್ದನ್ನು ದಿನಗಟ್ಟಲೆ ಕೇಳುತ್ತಿರುತ್ತದೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್‌ಗಿಂತ ಮೇಲಿನದು ಕೇಳುವುದಿಲ್ಲ. ಇದು ಸೆಕೆಂಡಿಗೆ 3,84,000 ಸಲ ಸದ್ದನ್ನು ಅಳೆಯುವುದರಿಂದ ಬಾವಲಿಯ ಕೂಗೂ ದಾಖಲಾಗುತ್ತದೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅಲ್ಲಿ ಈ ಗೆಲುವು ಹಳೆಯದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ, ಚಿತ್ರಗಳನ್ನು ಅಳೆಯುವ ಇಮೇಜ್‌ಜೆ 1997ರಿಂದ ಉಚಿತವಾಗಿ ಸಿಗುತ್ತಿದೆ. ಕೋಶ ಎಣಿಸುವವರು, ಉದ್ದ ಅಳೆಯುವವರು ಇಂದಿಗೂ ಮೊದಲು ತೆರೆಯುವುದು ಅದನ್ನೇ.

ಯಂತ್ರ ಸಿಕ್ಕಿತು, ಎನ್ಜೈಮ್?

ಇದನ್ನು ಬಹಳ ಮಂದಿ ಮರೆಯುತ್ತಾರೆ. ಪಿಸಿಆರ್ ಯಂತ್ರ ಒಂದು ಸಲ ಕಟ್ಟಿದರೆ ಆಯಿತು. ಎನ್ಜೈಮ್ ಪದೇ ಪದೇ ಬೇಕು. ಅದು ಫ್ರೀಜರಿನ ತಣುಪಿನಲ್ಲೇ ದೂರದಿಂದ ಬರಬೇಕು. ದಾರಿಯಲ್ಲಿ ತಡವಾಗಿ ಐಸ್ ಕರಗಿದರೆ ದುಡ್ಡೂ ಹೋಯಿತು, ವಾರವೂ ಹೋಯಿತು.

ಪಿಸಿಆರ್‌ನಲ್ಲಿ ಬಳಸುವ ಟ್ಯಾಕ್ ಎನ್ಜೈಮ್ ಬಂದದ್ದು ಬಿಸಿನೀರ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ. ಥಾಮಸ್ ಬ್ರಾಕ್ ಆ ಬ್ಯಾಕ್ಟೀರಿಯಾವನ್ನು 1960ರ ದಶಕದಲ್ಲಿ ಯೆಲ್ಲೋಸ್ಟೋನ್‌ನಲ್ಲಿ ಕಂಡುಹಿಡಿದರು. ಮೂಲ ಟ್ಯಾಕ್‌ನ ಪೇಟೆಂಟುಗಳ ಅವಧಿ ಈಗ ಮುಗಿದಿದೆ. ಅದರ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಗೆ ಸೇರಿಸಿ, ಬೆಳೆಸಿ, ಎನ್ಜೈಮನ್ನು ಲ್ಯಾಬಿನಲ್ಲೇ ತಯಾರಿಸಬಹುದು. ಬೇರ್ಪಡಿಸುವಾಗ ಒಂದು ಅನುಕೂಲವೂ ಇದೆ: ಕೋಶಗಳನ್ನು ಒಡೆದು ಬಿಸಿ ಮಾಡಿದರೆ ಇ. ಕೋಲಿಯ ಸ್ವಂತ ಪ್ರೋಟೀನುಗಳು ಬಹುಮಟ್ಟಿಗೆ ಆಕಾರ ಕೆಟ್ಟು ಗಟ್ಟಿಯಾಗುತ್ತವೆ, ಬಿಸಿಗೆ ಹೆದರದ ಟ್ಯಾಕ್ ಮಾತ್ರ ದ್ರವದಲ್ಲೇ ಉಳಿಯುತ್ತದೆ. ಇಂಥ ಜೀನುಗಳನ್ನು ಲ್ಯಾಬುಗಳು ಒಂದಕ್ಕೊಂದು ಹಂಚಿಕೊಳ್ಳಲು ರೀಕ್ಲೋನ್ ಅನ್ನುವ ಜಾಲ ಇದೆ. ಹಂಚಿಕೆಗೆ ಕಾನೂನಿನ ತೊಡಕು ಬರಬಾರದು ಅಂತ 2018ರಲ್ಲಿ ಓಪನ್‌ಎಂಟಿಎ ಅನ್ನುವ ಸರಳ ಒಪ್ಪಂದವೂ ಬಂತು. ನನ್ನ ಪ್ರಕಾರ ಮುಂದಿನ ದೊಡ್ಡ ಕೆಲಸ ಇರುವುದು ಇಲ್ಲೇ, ಯಂತ್ರಗಳಲ್ಲಿ ಅಲ್ಲ.

ಕಟ್ಟಲು ಕೂರುವ ಮೊದಲು

ಮೊದಲ ಸಲ ಕೈಹಾಕುವವರಿಗೆ ಕೆಲವು ಮಾತು. 3ಡಿ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್ ನಡೆಯುವುದು 121 ಡಿಗ್ರಿಯಲ್ಲಿ. ಒಳಗಿಟ್ಟರೆ ನಿಮ್ಮ ಯಂತ್ರದ ಭಾಗ ಸೊಟ್ಟಗಾಗಿ ಹೊರಬರುತ್ತದೆ. ಮುದ್ರಿತ ಪದರಗಳ ಸಂದಿಯಲ್ಲಿ ಸೂಕ್ಷ್ಮಜೀವಿಗಳು ಅಡಗಿಕೊಳ್ಳುತ್ತವೆ, ಹಾಗಾಗಿ ಕೋಶಗಳಿಗೆ ನೇರ ತಾಗುವ ಭಾಗಕ್ಕೆ ಗಾಜನ್ನೋ ಮಾಮೂಲಿ ಲ್ಯಾಬ್ ಪ್ಲಾಸ್ಟಿಕ್ಕನ್ನೋ ಬಳಸಿ.

ರೋಗಿಯ ಚಿಕಿತ್ಸೆ ನಿರ್ಧರಿಸುವ ಪರೀಕ್ಷೆಗೆ ಮನೆಯಲ್ಲಿ ಕಟ್ಟಿದ ಯಂತ್ರವನ್ನು ನೇರವಾಗಿ ಬಳಸಬಾರದು. ಅದಕ್ಕೆ ಅನುಮೋದನೆ ಬೇಕು, ಆ ನಿಯಮ ಇರುವುದು ಒಳ್ಳೆಯದಕ್ಕೇ. ಸಂಶೋಧನೆ ಮತ್ತು ಕಲಿಕೆಗೆ ಆ ತಡೆ ಇಲ್ಲ.

ಯೋಜನೆ ಆರಿಸುವಾಗ ಕೊನೆಯ ಬದಲಾವಣೆ ಯಾವಾಗ ಆಗಿದೆ ಅಂತ ನೋಡಿ. ಮೂಲ ತಂಡ ಬಿಟ್ಟು ಬೇರೆ ಯಾರಾದರೂ ಕಟ್ಟಿದ್ದಾರಾ ಅಂತ ನೋಡಿ. ಹೊರಗಿನ ಒಬ್ಬರಾದರೂ ಕಟ್ಟಿ ಮುಗಿಸಿದ್ದರೆ ಅದರ ಬರವಣಿಗೆ ಚೆನ್ನಾಗಿದೆ ಅಂತ ಅರ್ಥ. ಲ್ಯಾಬಿನಲ್ಲಿ ಇದನ್ನು ಒಬ್ಬರೇ ಕಟ್ಟಬೇಡಿ, ಇಬ್ಬರು ಕಟ್ಟಿ. ಒಬ್ಬರೇ ಕಟ್ಟಿದ್ದರೆ, ಅವರು ಕೋರ್ಸ್ ಮುಗಿಸಿ ಹೋದ ಮೇಲೆ ಮತ್ತೆ ಅದು ಮುಚ್ಚಿದ ಡಬ್ಬಿಯೇ ಆಗಿಬಿಡುತ್ತದೆ.

ಕಟ್ಟಿದ ಮೇಲೆ ಮೊದಲ ಕೆಲಸ ಅಳೆಯುವುದು. ಮೈಕ್ರೋಸ್ಕೋಪ್ ಆದರೆ ಸ್ಟೇಜ್ ಮೈಕ್ರೋಮೀಟರ್ ಅನ್ನುವ ಗಾಜಿನ ಪಟ್ಟಿ ಸಿಗುತ್ತದೆ, ಮೇಲೆ 10 ಮೈಕ್ರಾನಿಗೊಂದು ಗೆರೆ ಇರುತ್ತದೆ. ಅದನ್ನು ಸ್ಲೈಡಿನ ಜಾಗದಲ್ಲಿಟ್ಟು ಒಂದು ಚಿತ್ರ ತೆಗೆಯಿರಿ. ಇಮೇಜ್‌ಜೆಯಲ್ಲಿ ತೆರೆದು ಒಂದು ಗೆರೆಯಿಂದ ಅದರ ಮುಂದಿನ ಹತ್ತನೆಯ ಗೆರೆಗೆ, ಅಂದರೆ 100 ಮೈಕ್ರಾನಿಗೆ, ಎಷ್ಟು ಪಿಕ್ಸೆಲ್ ಅಂತ ಅಳೆಯಿರಿ. ಚಿತ್ರದ ನಡುವೆ ಒಮ್ಮೆ, ನಾಲ್ಕೂ ಮೂಲೆಗಳಲ್ಲಿ ಒಮ್ಮೊಮ್ಮೆ. ಮೂಲೆಯ ಲೆಕ್ಕ ಬೇರೆ ಬಂದರೆ ಲೆನ್ಸ್ ಅಂಚಿನಲ್ಲಿ ಚಿತ್ರವನ್ನು ಎಳೆಯುತ್ತಿದೆ, ಅಳತೆಗೆ ನಡುಭಾಗ ಮಾತ್ರ ಬಳಸಿ. ಒಂದು ಪಿಕ್ಸೆಲ್‌ಗೆ ಎಷ್ಟು ಮೈಕ್ರಾನ್ ಅನ್ನುವ ಸಂಖ್ಯೆ ಸಿಗುತ್ತದಲ್ಲ, ಅದನ್ನು ತಾರೀಖಿನ ಜೊತೆ ಚೀಟಿಯಲ್ಲಿ ಬರೆದು ಯಂತ್ರದ ಮೇಲೇ ಅಂಟಿಸಿಡಿ. ಲೆನ್ಸ್ ಬದಲಿಸಿದ ದಿನ ಆ ಚೀಟಿ ಕಿತ್ತು ಹೊಸದಾಗಿ ಅಳೆಯಿರಿ.